ವಿಷದ ಮಣ್ಣಿಗೆ ತೋಡಿದ ಗುಂಡಿ: ಆಫ್ಟನ್ ರೈತರ 25 ವರ್ಷ

ಹೋದ ವಾರ ನಮ್ಮ ಬದುವಿನ ಮೇಲಿದ್ದ ಟಿಸಿ ಸುಟ್ಟುಹೋಯ್ತು. ಹಳೇದನ್ನು ಇಳಿಸುವಾಗ ಒಳಗಿದ್ದ ಆಯಿಲ್ ಒಂದಷ್ಟು ಬದುವಿನ ಮೇಲೆ ಚೆಲ್ಲಿತು. ಪಕ್ಕದ ಹೊಲದ ಅಣ್ಣ ಖಾಲಿ ಬಾಟ್ಲಿ ಹಿಡಿದುಕೊಂಡು ಬಂದರು. "ಒಂದು ಬಾಟ್ಲಿ ಹಿಡ್ಕೊಡೋ, ಮಂಡಿ ನೋವಿಗೆ ಹಚ್ಕೋತೀನಿ" ಅಂದರು. ಬೇಡ ಕಣಣ್ಣ ಅಂದೆ. "ಯಾಕೋ, ಎಣ್ಣೆ ತಾನೆ?" ಅಂತ ಕೇಳಿದರು. ಅಲ್ಲೇ ನಿಂತು ಅರ್ಧಂಬರ್ಧ ಉತ್ತರ ಹೇಳಿದೆ. ಪೂರ್ತಿ ಉತ್ತರ ಸ್ವಲ್ಪ ಉದ್ದ. ರಾಗಿ ಬಿತ್ತಿ ಮಳೆ ಕಾಯ್ತಾ ಕೂತಿರುವ ದಿನಗಳು, ಕೈಯಲ್ಲಿ ಪುರುಸೊತ್ತಿದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಇದು ಅಮೆರಿಕದ ಒಂದು ರೈತರ ಊರಿನ ಕಥೆ. ಊರಿನ ಹೆಸರು ಆಫ್ಟನ್, ನಾರ್ತ್ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿದೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ತಂಬಾಕು ಬೆಳೆಯುವ ಬಡ ಸೀಮೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ ಬಿದ್ದು ಕೆಟ್ಟ ಮಣ್ಣನ್ನು ಹೂಳೋಕೆ ಸರ್ಕಾರ ಒಂದು ಗುಂಡಿ ತೋಡಿತು. ಎಣ್ಣೆ ಬಿದ್ದದ್ದು 1978ರಲ್ಲಿ. ಆ ಗುಂಡಿಯ ಕೆಲಸ ಮುಗಿದದ್ದು 2003ರಲ್ಲಿ. ಪೂರಾ 25 ವರ್ಷ.

ಮೊದಲು ಆ ಎಣ್ಣೆ ಏನು ಅಂತ

ಅದರ ಉದ್ದ ಹೆಸರು ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಗಿಡ್ಡಕ್ಕೆ ಪಿಸಿಬಿ. 1929ರಿಂದ ಅಮೆರಿಕದಲ್ಲಿ ವ್ಯಾಪಾರಕ್ಕೆ ತಯಾರಾಗೋಕೆ ಶುರುವಾಯ್ತು. ಗುಣ ಕೇಳಿದರೆ ಯಾರಿಗಾದರೂ ಆಸೆ ಆಗುತ್ತೆ: ಎಷ್ಟು ಕಾಯಿಸಿದರೂ ಸುಲಭಕ್ಕೆ ಬೆಂಕಿ ಹತ್ತಲ್ಲ, ಕರೆಂಟು ಹರಿಯೋಕೆ ಬಿಡಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡಲ್ಲ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಒಳಗೆ ತುಂಬೋಕೆ ಇದಕ್ಕಿಂತ ಒಳ್ಳೇದು ಇನ್ನೇನು ಬೇಕು ಅಂತ ತುಂಬಿದರು.

ಆದರೆ ಮಷೀನಿನ ಒಳಗೆ ಯಾವುದು ಒಳ್ಳೇ ಗುಣವೋ ಅದೇ ಹೊಲದಲ್ಲಿ ಕೆಟ್ಟ ಗುಣ. ಕೆಡಲ್ಲ ಅಂದ್ರೆ ಮಣ್ಣಿಗೆ ಬಿದ್ದರೂ ಕೊಳೆಯಲ್ಲ. ಗೊಬ್ಬರ ಕೊಳೆಯುತ್ತೆ, ಸಗಣಿ ಕೊಳೆಯುತ್ತೆ, ಎಷ್ಟೋ ಔಷಧಿಗಳು ಬಿಸಿಲಿಗೆ ಮಳೆಗೆ ಒಡೆದುಹೋಗುತ್ತವೆ. ಇದು ದಶಕಗಟ್ಟಲೆ ಹಾಗೇ ಇರುತ್ತೆ. ನೀರಿನಲ್ಲಿ ಹೆಚ್ಚು ಕರಗಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತೆ. ಕರಗೋದು ಕೊಬ್ಬಿನಲ್ಲಿ. ದನ ತಿಂದರೆ ಹಾಲಿಗೆ ಬರುತ್ತೆ, ಮೀನು ತಿಂದರೆ ಮೀನಿನ ಮೈಯಲ್ಲಿ ಕೂರುತ್ತೆ, ಅದನ್ನು ತಿಂದವರ ಮೈಯಲ್ಲಿ ಇನ್ನೂ ಜಾಸ್ತಿ ಕೂರುತ್ತೆ.

1968ರಲ್ಲಿ ಜಪಾನಿನಲ್ಲಿ ಇದು ಗೊತ್ತಾಯ್ತು. ಅಕ್ಕಿ ತೌಡಿನ ಎಣ್ಣೆ ತೆಗೆಯುವ ಕಾರ್ಖಾನೆಯೊಂದರಲ್ಲಿ ಪೈಪು ಸೋರಿ ಪಿಸಿಬಿ ಎಣ್ಣೆಗೆ ಸೇರಿತು. ಮೊದಲು ಸತ್ತದ್ದು ಕೋಳಿಗಳು, ಲಕ್ಷಗಟ್ಟಲೆ. ಆ ಎಣ್ಣೆ ತೆಗೆಯುವಾಗ ಉಳಿದ ಕಪ್ಪು ಎಣ್ಣೆಯನ್ನು ಕೋಳಿ ಫೀಡಿಗೆ ಬೆರೆಸಿದ್ದರು. ಕೋಳಿ ಸತ್ತಾಗಲೇ ಎಚ್ಚೆತ್ತುಕೊಂಡಿದ್ದರೆ ಜನ ಉಳೀತಿದ್ದರು. ಆಮೇಲೆ ಅದೇ ಎಣ್ಣೆಯಲ್ಲಿ ಅಡುಗೆ ಮಾಡಿ ಉಂಡವರಿಗೆ ಮೈತುಂಬ ಗುಳ್ಳೆ, ಕಣ್ಣು ಊತ, ವರ್ಷಗಟ್ಟಲೆ ಬಿಡದ ಕಾಯಿಲೆ. ಅದಕ್ಕೆ ಅಲ್ಲಿ ಯೂಶೋ ಅಂತಾರೆ, ಎಣ್ಣೆ ರೋಗ ಅಂತ ಅರ್ಥ.

1976ರಲ್ಲಿ ಅಮೆರಿಕ ಕಾನೂನು ಮಾಡಿತು, ಪಿಸಿಬಿ ತಯಾರಿಕೆ ನಿಲ್ಲಬೇಕು, ಇರೋದನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ ಅಂತ. ಕಾನೂನು ಒಳ್ಳೇದೇ. ಆದರೆ ಚೆಲ್ಲುವಂತಿಲ್ಲ ಅಂದಾಗ ವಿಲೇವಾರಿಗೆ ದುಡ್ಡು ಖರ್ಚಾಗುತ್ತೆ. ದುಡ್ಡು ಉಳಿಸೋಕೆ ಹೊರಟವರಿಂದ ನಮ್ಮ ಕಥೆ ಶುರು.

ರಾತ್ರಿ ಓಡಿದ ಟ್ಯಾಂಕರು

ನಾರ್ತ್ ಕೆರೊಲಿನಾದ ರಾಜಧಾನಿ ರಾಲಿಯಲ್ಲಿ ಹಳೇ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಒಂದು ಕಂಪನಿ ಇತ್ತು. ಅವರ ಹತ್ತಿರ ಪಿಸಿಬಿ ಬೆರೆತ ಎಣ್ಣೆ ರಾಶಿ ಬಿದ್ದಿತ್ತು. ಅದನ್ನು ಸಾಗಹಾಕೋಕೆ ಹೊರ ರಾಜ್ಯದ ಒಬ್ಬನಿಗೆ ಒಪ್ಪಿಸಿದರು. 1978ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಎಣ್ಣೆ ತುಂಬಿಕೊಂಡು, ಕತ್ತಲಾದ ಮೇಲೆ ಹಳ್ಳಿ ರಸ್ತೆಗಳಲ್ಲಿ ಓಡಿಸುತ್ತಾ, ವಾಲ್ವ್ ಬಿಟ್ಟು ರಸ್ತೆ ಅಂಚಿಗೆ ಸುರಿದುಕೊಂಡು ಹೋದರು. 14 ಕೌಂಟಿಗಳಲ್ಲಿ, ಸುಮಾರು 240 ಮೈಲಿ, ಅಂದ್ರೆ ಹತ್ತಿರ ಹತ್ತಿರ 385 ಕಿಲೋಮೀಟರ್ ಉದ್ದಕ್ಕೆ. ಎಣ್ಣೆ ಒಟ್ಟು 31,000 ಗ್ಯಾಲನ್, ನಮ್ಮ ಲೆಕ್ಕದಲ್ಲಿ 1 ಲಕ್ಷದ 17 ಸಾವಿರ ಲೀಟರ್. ಊರಿಗೆ ಕುಡಿಯೋ ನೀರು ತರುವ 5,000 ಲೀಟರಿನ ಟ್ಯಾಂಕರ್ ಅಂದುಕೊಂಡರೆ 23 ಟ್ಯಾಂಕರ್.

ಬೆಳಿಗ್ಗೆ ಎದ್ದ ಜನಕ್ಕೆ ರಸ್ತೆ ಪಕ್ಕ ಕಂದು ಗೆರೆ ಕಂಡಿತು, ಘಾಟು ವಾಸನೆ ಬಂತು. ಆಮೇಲೆ ಪರೀಕ್ಷೆ ಆಯ್ತು, ವಿಷ ಅಂತ ಗೊತ್ತಾಯ್ತು. ಸುರಿದವರೂ ಸುರಿಸಿದವರೂ ಸಿಕ್ಕಿಬಿದ್ದರು, ಕೋರ್ಟಿನಲ್ಲಿ ಶಿಕ್ಷೆಯೂ ಆಯ್ತು. ಆದರೆ ಶಿಕ್ಷೆಯಿಂದ ಮಣ್ಣು ಶುದ್ಧ ಆಗುತ್ತಾ? 385 ಕಿಲೋಮೀಟರ್ ಉದ್ದದ ವಿಷದ ಮಣ್ಣು ರಸ್ತೆ ಪಕ್ಕದಲ್ಲೇ ಬಿದ್ದಿತ್ತು. ಅದರ ಪಕ್ಕ ಜನರ ಹೊಲ, ಮನೆ, ಬಾವಿ.

ಮಣ್ಣು ಎಲ್ಲಿಗೆ?

ಸರ್ಕಾರದ ಮುಂದೆ ಕೆಲವು ದಾರಿ ಇದ್ದವು. ಇದ್ದಲ್ಲೇ ಇದ್ದಿಲ ಪುಡಿಯಂಥ ವಸ್ತು ಬೆರೆಸಿ ವಿಷವನ್ನು ಹಿಡಿದಿಡೋದು ಒಂದು. ಕೇಂದ್ರದ ಪರಿಸರ ಸಂಸ್ಥೆ ಇಪಿಎ ಅದಕ್ಕೆ ಒಪ್ಪಲಿಲ್ಲ. ಅಲಬಾಮಾ ರಾಜ್ಯದಲ್ಲಿ ಆಗಲೇ ಇದ್ದ ವಿಷ ತ್ಯಾಜ್ಯದ ಗುಂಡಿಗೆ ಸಾಗಿಸೋದು ಇನ್ನೊಂದು. ಅದು ದೂರ, ಸಾಗಾಣಿಕೆ ಖರ್ಚು ಜಾಸ್ತಿ. ಉಳಿದದ್ದು ರಾಜ್ಯದೊಳಗೇ ಹೊಸ ಗುಂಡಿ ತೋಡೋದು.

ಜಾಗ ಹುಡುಕಿದರು. ಕೊನೆಗೆ ಎರಡು ಜಾಗ ಉಳಿದವು. ಒಂದು ಚಾಥಮ್ ಕೌಂಟಿಯಲ್ಲಿ, ಸಾರ್ವಜನಿಕರ ಒಡೆತನದ ಜಾಗ. ಅಲ್ಲಿಯ ಜನ ಬೇಡ ಅಂದರು, ಕೌಂಟಿ ಹಿಂದೆ ಸರಿಯಿತು. ಇನ್ನೊಂದು ವಾರೆನ್ ಕೌಂಟಿಯ ಆಫ್ಟನ್ ಹತ್ತಿರ, ಒಬ್ಬ ರೈತನ 142 ಎಕರೆ ಜಮೀನು. ಆ ರೈತ ಸಾಲದಲ್ಲಿದ್ದ, ಜಮೀನು ಜಪ್ತಿ ಆಗುವ ಸ್ಥಿತಿ. ಸರ್ಕಾರ ಕೊಳ್ತೀನಿ ಅಂತು, ಅವನು ಮಾರಿದ.

ಆ ರೈತನನ್ನು ಬೈಯೋದು ಸುಲಭ, ಆದರೆ ನನಗೆ ಮನಸ್ಸು ಬರಲ್ಲ. ಬ್ಯಾಂಕಿನ ನೋಟೀಸು ಬಾಗಿಲಿಗೆ ಅಂಟಿಸಿದ ಮನೆ ಹೇಗಿರುತ್ತೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿಲ್ಲ? ಜಾಗ ಹುಡುಕುವವರು ಮಣ್ಣಿನ ಪರೀಕ್ಷೆಗೂ ಮುಂಚೆ ಮಾರುವ ಗತಿ ಯಾರಿಗೆ ಬಂದಿದೆ ಅಂತ ನೋಡ್ತಾರೆ. ಬೇಡ ಅನ್ನೋ ಶಕ್ತಿ ಇದ್ದ ಕೌಂಟಿ ಬೇಡ ಅಂತು. ಇಲ್ಲಿ ಆ ಶಕ್ತಿ ಇಲ್ಲ ಅಂದುಕೊಂಡರು. ಆಗ ವಾರೆನ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನಾಂಗದವರು, ಆ ಪ್ರಮಾಣ ಇಡೀ ರಾಜ್ಯದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ರಾಜ್ಯದ ಬಡ ಕೌಂಟಿಗಳಲ್ಲಿ ಅದೂ ಒಂದು.

ಕೃಷಿ ಹೊಂಡ ಉಲ್ಟಾ

ಇಂಥ ಗುಂಡಿ ಹೇಗೆ ಕಟ್ತಾರೆ ಅಂತ ನಮ್ಮ ಕೃಷಿ ಹೊಂಡ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ನಾವು ಹೊಂಡ ತೋಡಿ, ತಳ ದಮ್ಮಸ್ಸು ಮಾಡಿ, ಮೇಲೆ ಪಾಲಿಥಿನ್ ಹಾಸಿ, ಒಳಗಿನ ನೀರು ಹೊರಗೆ ಹೋಗದ ಹಾಗೆ ಕಾಪಾಡ್ತೀವಿ. ವಿಷದ ಮಣ್ಣಿನ ಗುಂಡಿಯಲ್ಲೂ ತಳಕ್ಕೆ ಜೇಡಿಮಣ್ಣು, ಅದರ ಮೇಲೆ ಪ್ಲಾಸ್ಟಿಕ್ ಹಾಸು. ಆದರೆ ಕೆಲಸ ಉಲ್ಟಾ. ನಾವು ಹೊಂಡದಲ್ಲಿ ನೀರು ಇರಲಿ ಅಂತೀವಿ, ಅವರು ನೀರು ಒಳಗೆ ಬರಲೇಬಾರದು ಅಂತಾರೆ. ಯಾಕಂದ್ರೆ ವಿಷ ಒಣಗಿದ್ದರೆ ಇದ್ದಲ್ಲೇ ಇರುತ್ತೆ. ನೀರು ಸೇರಿದರೆ ಕಾಲು ಬರುತ್ತೆ.

ಅದಕ್ಕೇ ಮೇಲೆ ಮುಚ್ಚಳ ಬೇಕು: ಮತ್ತೆ ಪ್ಲಾಸ್ಟಿಕ್, ಜೇಡಿಮಣ್ಣು, ಅದರ ಮೇಲೆ ಮೇಲ್ಮಣ್ಣು, ಹುಲ್ಲು. ಆದರೂ ಒಂದಿಷ್ಟು ನೀರು ಇಳಿದೀತು ಅಂತ ತಳದಲ್ಲಿ ಜಲ್ಲಿ, ತೂತು ಪೈಪು ಹಾಕಿ, ಬಸಿದ ನೀರನ್ನು ಪಂಪ್ ಮಾಡಿ ತೆಗೆಯೋ ಏರ್ಪಾಡು ಇರಬೇಕು. ಸುತ್ತ ಪರೀಕ್ಷೆ ಬಾವಿ ಕೊರೆದು ಆಗಾಗ ನೀರು ಟೆಸ್ಟ್ ಮಾಡಬೇಕು.

ಜೇಡಿಮಣ್ಣು ಎಂಥದ್ದು ಇರಬೇಕು ಅನ್ನೋದಕ್ಕೂ ನಿಯಮ ಇದೆ. ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯ ಒಂದು ಭಾಗಕ್ಕಿಂತ ವೇಗವಾಗಿ ನೀರು ಅದರಲ್ಲಿ ಇಳೀಬಾರದು. ಬಿಡಿಸಿ ಹೇಳಬೇಕು ಅಂದ್ರೆ ವರ್ಷಕ್ಕೆ ಸುಮಾರು ಮೂರು ಸೆಂಟಿಮೀಟರ್. ನಮ್ಮ ಕೆರೆ ಅಂಗಳದ ಗೋಡುಮಣ್ಣನ್ನು ಚೆನ್ನಾಗಿ ತುಳಿದು ದಮ್ಮಸ್ಸು ಮಾಡಿದ ಹಾಗೆ ಅಂದುಕೊಳ್ಳಿ. ಆದರೆ ಗಮನಿಸಿ, ಅಷ್ಟು ಬಿಗಿ ಇದ್ದರೂ ಲೆಕ್ಕ ಸೊನ್ನೆ ಅಲ್ಲ. ನಿಧಾನ ಅಷ್ಟೆ.

ಇನ್ನೊಂದು ನಿಯಮ ನಮ್ಮಂಥ ಬೋರ್‌ವೆಲ್ ನಂಬಿದವರಿಗೆ ಬಹಳ ಮುಖ್ಯ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ 50 ಅಡಿ ಅಂತರ ಇರಬೇಕು ಅಂತ ಅಮೆರಿಕದ ಪಿಸಿಬಿ ನಿಯಮದಲ್ಲಿತ್ತು. ಆಫ್ಟನ್‌ನಲ್ಲಿ ನೀರು ತೀರಾ ಮೇಲೆ. ಈ ಕಥೆಯ ಬಗ್ಗೆ ತುಂಬ ಬರೆದಿರುವ ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲಾರ್ಡ್ ಐದರಿಂದ ಹತ್ತು ಅಡಿ ಅಂತ ಬರೀತಾರೆ. ಸುತ್ತಮುತ್ತ ಹೆಚ್ಚಿನವರು ಕುಡಿಯೋದು ಬಾವಿ ನೀರೇ. ಹಾಗಾದ್ರೆ ಜಾಗ ರದ್ದಾಗಬೇಕಿತ್ತಲ್ವಾ? ಆಗಲಿಲ್ಲ. ಆ ನಿಯಮಕ್ಕೆ ವಿನಾಯಿತಿ ಕೊಟ್ಟರು. 1979ರಲ್ಲಿ ಇಪಿಎ ಒಪ್ಪಿಗೆ ಸಿಕ್ಕಿತು.

ಜನ ಏನು ಮಾಡಿದರು

1979ರ ಜನವರಿ 4ರಂದು ವಾರೆಂಟನ್ ಪಟ್ಟಣದಲ್ಲಿ ಸಾರ್ವಜನಿಕ ಸಭೆ ಕರೆದರು. ಏಳು ನೂರರಷ್ಟು ಜನ ಬಂದರು. ಆಗ ಮಾತೆಲ್ಲ ಮಣ್ಣು, ನೀರು, ಬಾವಿ ಬಗ್ಗೆ. ಬಿಳಿಯ ರೈತರೂ ಇದ್ದರು, ಕಪ್ಪು ರೈತರೂ ಇದ್ದರು. ಕೆನ್ ಫೆರುಸಿಯೊ ಅನ್ನುವವರು ಸೇರಿ ಕೆಲವರು ನಾಗರಿಕರ ಸಮಿತಿ ಕಟ್ಟಿದರು. ಈ ಮಣ್ಣು ಸರಿಯಿಲ್ಲ, ನೀರು ಮೇಲಿದೆ ಅಂತ ದಾಖಲೆ ಇಟ್ಟುಕೊಂಡು ವಾದ ಮಾಡಿದರು. ಕೌಂಟಿ ಕೋರ್ಟಿಗೆ ಹೋಯಿತು. 1981ರಲ್ಲಿ ಫೆಡರಲ್ ಕೋರ್ಟು ರಾಜ್ಯ ಸರ್ಕಾರದ ಪರ ತೀರ್ಪು ಕೊಟ್ಟಿತು. 1982ರಲ್ಲಿ ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿ, ಇದು ಜನಾಂಗ ನೋಡಿ ಮಾಡಿದ ಆಯ್ಕೆ ಅಂತ ಇನ್ನೊಂದು ಕೇಸು ಹಾಕಿತು. ಅದೂ ನಿಲ್ಲಲಿಲ್ಲ.

ಕಾಗದದ ದಾರಿ ಮುಗೀತು. ಆಗ ಜನ ರಸ್ತೆಗೆ ಇಳಿದರು. ಕೋಲಿ ಸ್ಪ್ರಿಂಗ್ಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರೋದು, ಪ್ರಾರ್ಥನೆ ಮಾಡೋದು, ಅಲ್ಲಿಂದ ಗುಂಡಿಯ ತನಕ ನಡೆಯೋದು. 1982ರ ಸೆಪ್ಟೆಂಬರ್ 15ರಂದು ಮಣ್ಣು ತುಂಬಿದ ಮೊದಲ ಟ್ರಕ್ಕುಗಳು ಬಂದವು. ಜನ ಟ್ರಕ್ಕಿನ ಮುಂದೆ ರಸ್ತೆಯಲ್ಲಿ ಮಲಗಿದರು. ಪೊಲೀಸರು ಎತ್ತಿಕೊಂಡು ಹೋಗಿ ಬಸ್ಸಿಗೆ ಹಾಕಿದರು. ಮರುದಿನ ಮತ್ತೆ ಬಂದರು. ಹೀಗೆ ಆರು ವಾರದ ಮೇಲೆ ನಡೀತು. ಬಂಧನಗಳು 500 ದಾಟಿದವು. ಊರಿನ ಡಾಲಿ ಬರ್ವೆಲ್ ಅನ್ನೋ ಹೆಣ್ಣುಮಗಳು ಎಷ್ಟೋ ಸಲ ಬಂಧನಕ್ಕೆ ಒಳಗಾದರು. ಪಾದ್ರಿಗಳಾದ ಲಿಯಾನ್ ವೈಟ್, ಬೆಂಜಮಿನ್ ಚಾವಿಸ್ ಜತೆಗಿದ್ದರು. ವಾಷಿಂಗ್ಟನ್ ನಗರದ ಪ್ರತಿನಿಧಿ ವಾಲ್ಟರ್ ಫಾಂಟ್ರಾಯ್ ಸಂಸತ್ತಿನಿಂದ ಬಂದು ತಾವೂ ಬಂಧನಕ್ಕೆ ಒಳಗಾದರು.

ಟ್ರಕ್ಕುಗಳು ನಿಲ್ಲಲಿಲ್ಲ. ಏಳು ಸಾವಿರಕ್ಕೂ ಹೆಚ್ಚು ಲೋಡು ಮಣ್ಣು ಬಂದು ಬಿತ್ತು. ಅಳತೆ ಸುಮಾರು 40,000 ಘನ ಗಜ. ನಮ್ಮ ಟ್ರ್ಯಾಕ್ಟರ್ ಟ್ರೇಲರ್ ಲೆಕ್ಕದಲ್ಲಿ ಹತ್ತು ಸಾವಿರ ಲೋಡು. ಗುಂಡಿ ತುಂಬಿತು, ಮುಚ್ಚಿದರು.

ಹಾಗಾದ್ರೆ ಜನ ಸೋತರಾ? ಮೇಲ್ನೋಟಕ್ಕೆ ಹೌದು. ಆದರೆ ಎರಡು ವಿಷಯ ಉಳಿದವು.

ಒಂದು, ಗವರ್ನರ್ ಜಿಮ್ ಹಂಟ್ ಕೊಟ್ಟ ಮಾತು. ಈ ವಿಷವನ್ನು ನಾಶ ಮಾಡುವ ತಂತ್ರ ಮುಂದೆ ಕೈಗೆ ಸಿಕ್ಕಿದಾಗ ಸರ್ಕಾರ ಗುಂಡಿಯನ್ನು ವಿಷಮುಕ್ತ ಮಾಡುತ್ತೆ ಅಂತ ಕೌಂಟಿಯ ಜನರಿಗೆ ಬರೆದು ಕೊಟ್ಟರು. ಗಲಾಟೆ ತಣ್ಣಗಾಗಲಿ ಅಂತ ಕೊಟ್ಟ ಮಾತೋ ಮನಸ್ಸಿಂದ ಕೊಟ್ಟದ್ದೋ, ಬರವಣಿಗೆಯಲ್ಲಿ ಇತ್ತು. ಜನ ಆ ಕಾಗದವನ್ನು ಬಿಡಲಿಲ್ಲ.

ಇನ್ನೊಂದು, ಫಾಂಟ್ರಾಯ್ ಸುಮ್ಮನಿರಲಿಲ್ಲ. ವಿಷ ತ್ಯಾಜ್ಯದ ಗುಂಡಿಗಳು ಎಲ್ಲೆಲ್ಲಿವೆ, ಸುತ್ತ ಯಾರಿದ್ದಾರೆ ನೋಡಿ ಅಂತ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಗೆ ಕೇಳಿದರು. 1983ರಲ್ಲಿ ವರದಿ ಬಂತು. ದಕ್ಷಿಣದ ಎಂಟು ರಾಜ್ಯಗಳಲ್ಲಿ ಹೊರಗಿನ ವಿಷ ತ್ಯಾಜ್ಯ ತಂದು ಹಾಕುವ ಗುಂಡಿ ಇದ್ದದ್ದು ನಾಲ್ಕು. ಅದರಲ್ಲಿ ಮೂರು ಕಪ್ಪು ಜನ ಹೆಚ್ಚಿರುವ ಊರುಗಳಲ್ಲಿ. 1987ರಲ್ಲಿ ಚಾವಿಸ್ ಅವರಿದ್ದ ಚರ್ಚಿನ ಆಯೋಗ ಇಡೀ ದೇಶದ ಲೆಕ್ಕ ತೆಗೆದು ಇದೇ ಮಾತನ್ನು ತೋರಿಸಿತು. 1994ರಲ್ಲಿ ಅಧ್ಯಕ್ಷ ಕ್ಲಿಂಟನ್, ಪರಿಸರದ ತೀರ್ಮಾನ ಮಾಡುವಾಗ ಬಡವರ, ಅಲ್ಪಸಂಖ್ಯಾತರ ಮೇಲೆ ಹೊರೆ ಬೀಳುತ್ತಾ ನೋಡಬೇಕು ಅಂತ ಎಲ್ಲ ಇಲಾಖೆಗಳಿಗೆ ಆದೇಶ ಹೊರಡಿಸಿದರು. ಆ ಆದೇಶ 2025ರಲ್ಲಿ ರದ್ದಾಯ್ತು, ಅದು ಬೇರೆ ಮಾತು. ಆದರೆ ಪರಿಸರ ನ್ಯಾಯ ಅಂತ ಈಗ ಪ್ರಪಂಚದಲ್ಲೆಲ್ಲ ಹೇಳುವ ಚಳವಳಿ ಹುಟ್ಟಿದ್ದು ಈ ತಂಬಾಕು ಬೆಳೆಗಾರರ ಊರಿನಲ್ಲಿ ಅಂತ ಬಹಳ ಜನ ಒಪ್ಪುತ್ತಾರೆ.

ಒಣ ಗುಂಡಿಯಲ್ಲಿ ನೀರು

ಈಗ ಕಥೆಯ ಅಸಲಿ ಭಾಗ. ಗುಂಡಿಯ ಆಧಾರವೇ ಒಳಗೆ ನೀರು ಬರಬಾರದು ಅನ್ನೋದು ಅಲ್ವಾ? ಮಣ್ಣು ತುಂಬುವಾಗ, ಮುಚ್ಚಳ ಹಾಕುವ ಮುಂಚೆಯೇ ಮಳೆ ಬಂತು. ಬಾಯಿ ತೆರೆದ ಗುಂಡಿಗೆ ಮಳೆ ಬಿದ್ದರೆ ಏನಾಗುತ್ತೆ ಅಂತ ಹೊಂಡ ತೋಡಿದವರಿಗೆ ಹೇಳಬೇಕಾ? ಆ ನೀರು ಮಣ್ಣಿನ ಜತೆಗೇ ಒಳಗೆ ಸೇರಿತು. ಅದರ ಮೇಲೆ ಮುಚ್ಚಳ ಹಾಕಿ ಭದ್ರ ಮಾಡಿದರು.

1993ರಲ್ಲಿ ಸರ್ಕಾರವೇ ಹೇಳಿತು, ಗುಂಡಿಯೊಳಗೆ ಹತ್ತಿರ ಹತ್ತಿರ ಹತ್ತು ಲಕ್ಷ ಗ್ಯಾಲನ್ ನೀರಿದೆ ಅಂತ. ಅಂದ್ರೆ 38 ಲಕ್ಷ ಲೀಟರ್ ಆಸುಪಾಸು, 5,000 ಲೀಟರಿನ ಟ್ಯಾಂಕರಿನಲ್ಲಿ 750ಕ್ಕೂ ಹೆಚ್ಚು. ಸುರಿದ ಎಣ್ಣೆ 23 ಟ್ಯಾಂಕರ್, ಗುಂಡಿಯಲ್ಲಿ ನಿಂತ ನೀರು ಅದರ ಮೂವತ್ತು ಪಟ್ಟಿಗೂ ಹೆಚ್ಚು. ಆ ನೀರಿಗೂ ಅಂತರ್ಜಲಕ್ಕೂ ನಡುವೆ ಉಳಿದದ್ದು ಒಂದು ಪ್ಲಾಸ್ಟಿಕ್ ಹಾಳೆ, ಒಂದಿಷ್ಟು ಜೇಡಿಮಣ್ಣು.

ಸರ್ಕಾರದ ಮೊದಲ ಯೋಚನೆ ನೀರನ್ನು ಪಂಪ್ ಮಾಡಿ ತೆಗೆದುಬಿಡೋಣ ಅನ್ನೋದು. ಜನ ಬೇಡ ಅಂದರು. ನೀರು ತೆಗೆದರೆ ಗುಂಡಿ ಮತ್ತೆ ಹಳೇ ಸ್ಥಿತಿಗೆ ಬರುತ್ತೆ, ವಿಷ ಅಲ್ಲೇ ಇರುತ್ತೆ, ಹತ್ತು ವರ್ಷ ಬಿಟ್ಟು ಮತ್ತೆ ಇದೇ ಪಾಡು. ಸಾಗಿಸೋದು ಬೇಡ, ಬೇರೆ ಊರಿನ ತಲೆಗೆ ಕಟ್ಟೋದೂ ಬೇಡ. ಮಾತು ಕೊಟ್ಟಿದ್ದೀರಿ, ವಿಷವನ್ನೇ ನಾಶ ಮಾಡಿ ಅಂತ ಕೂತರು. ನೋಡಿ ಕಾಲ ಹೇಗೆ ತಿರುಗುತ್ತೆ: ಆ ವರ್ಷ ಗವರ್ನರ್ ಕುರ್ಚಿಗೆ ಮತ್ತೆ ಬಂದಿದ್ದವರು ಅದೇ ಜಿಮ್ ಹಂಟ್. ಕಾಗದ ಅವರದೇ, ಸಹಿ ಅವರದೇ.

ಹೀಗೆ ಸರ್ಕಾರದವರೂ ಊರಿನವರೂ ಇದ್ದ ಒಂದು ಜಂಟಿ ಸಮಿತಿ ಆಯ್ತು. ಜನ ಕೇಳಿ ಪಡೆದ ಒಂದು ವಿಷಯ ನನಗೆ ಬಹಳ ಮೆಚ್ಚುಗೆ. ಸರ್ಕಾರದ ತಜ್ಞರ ಮಾತನ್ನಷ್ಟೇ ಕೇಳಲ್ಲ, ನಮ್ಮ ಕಡೆಯಿಂದ ನಾವೇ ಆರಿಸಿದ ವಿಜ್ಞಾನಿಗಳು ಇರಬೇಕು ಅಂದರು, ಹಾಗೇ ಆಯ್ತು. ಯಾಕೆ ಮುಖ್ಯ ಅಂದ್ರೆ, ಇಳುವರಿ ಅಂದಾಜಿಗೆ ವ್ಯಾಪಾರಿ ಒಬ್ಬನೇ ಬಂದರೆ ಒಂದು ರೇಟು, ನಮ್ಮ ಕಡೆಯವನೊಬ್ಬ ಜತೆಗಿದ್ದರೆ ಇನ್ನೊಂದು ರೇಟು ಅಲ್ವಾ?

ಅಗೆದು ಬೇಯಿಸಿದ್ದು

ಅಲ್ಲಿಂದಲೂ ದುಡ್ಡು ಹೊಂದಿಸೋಕೆ ವರ್ಷಗಳೇ ಹಿಡಿದವು. 2001ರಲ್ಲಿ ಕೆಲಸ ಶುರುವಾಯ್ತು. ಯಾವ ಗುಂಡಿಯನ್ನು ಶಾಶ್ವತ ಅಂತ ಮುಚ್ಚಿದ್ದರೋ ಅದನ್ನೇ ಅಗೆದರು. ಮಣ್ಣನ್ನು ತೆಗೆದು ಅಲ್ಲೇ ಕಟ್ಟಿದ ಗೂಡಿನಲ್ಲಿ 800 ಡಿಗ್ರಿ ಫ್ಯಾರನ್‌ಹೀಟ್ ಮೀರಿ, ಅಂದ್ರೆ 425 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರು. ಅಷ್ಟು ಕಾವಿಗೆ ಪಿಸಿಬಿ ಮಣ್ಣನ್ನು ಬಿಟ್ಟು ಆವಿಯಾಗಿ ಬರುತ್ತೆ. ಒಟ್ಟು 81,500 ಟನ್ ಮಣ್ಣು ಹೀಗೆ ಬೆಂದಿತು. ಖರ್ಚು ಸುಮಾರು 1.8 ಕೋಟಿ ಡಾಲರ್. 2003ರ ಕೊನೆಗೆ ಮುಗೀತು. ಬೆಂದ ಮಣ್ಣನ್ನು ಅದೇ ಗುಂಡಿಗೆ ವಾಪಸ್ಸು ಹಾಕಿ, ಸಮ ಮಾಡಿ, ಹುಲ್ಲು ಬಿತ್ತಿದರು.

1982ರಲ್ಲಿ ಮಲಗಿದ್ದ ರಸ್ತೆಗೆ 2003ರಲ್ಲಿ ಹೋದವರಿಗೆ ಹುಲ್ಲಿನ ದಿಬ್ಬವೊಂದು ಕಾಣುತ್ತಿತ್ತು. ನಡುವೆ 21 ವರ್ಷ. ಚಿಕ್ಕ ಮಗುವಾಗಿ ಅಪ್ಪ ಅಮ್ಮನ ಕೈ ಹಿಡಿದು ನಡೆದವರಿಗೆ ಆ ಹೊತ್ತಿಗೆ ಮಕ್ಕಳಾಗಿರಬಹುದು. ಕೆಲವರು ಅಷ್ಟು ಹೊತ್ತಿಗೆ ಮಣ್ಣಾಗಿರಬಹುದು.

ನನಗೆ ಇದರಿಂದ ಅರ್ಥ ಆದದ್ದು

ಗುಂಡಿ ತೋಡಿ ವಿಷದ ಮಣ್ಣು ಮುಚ್ಚೋದು ತಪ್ಪು ಅಂತ ನಾನು ಹೇಳ್ತಿಲ್ಲ. ರಸ್ತೆ ಪಕ್ಕ ಬಿದ್ದಿರೋದಕ್ಕಿಂತ ಗುಂಡಿಯಲ್ಲಿ ಇರೋದು ವಾಸಿ. ಪ್ರಪಂಚದಲ್ಲೆಲ್ಲ ಈಗಲೂ ಮಾಡ್ತಾರೆ, ಕೆಲವು ಕಡೆ ಬೇರೆ ದಾರಿಯೂ ಇಲ್ಲ. ಆದರೆ ಗುಂಡಿ ಅಂದ್ರೆ ಪರಿಹಾರ ಅಲ್ಲ, ಅದು ಸಾಲ ಮುಂದಕ್ಕೆ ಹಾಕಿದ ಹಾಗೆ. ಬ್ಯಾಂಕಿನಲ್ಲಿ ಸಾಲ ನವೀಕರಣ ಮಾಡಿಸಿದರೆ ಆ ದಿನಕ್ಕೆ ತಲೆ ತಣ್ಣಗಾಗುತ್ತೆ, ಅಸಲು ಹಾಗೇ ಕೂತಿರುತ್ತೆ. ಆಫ್ಟನ್‌ನಲ್ಲಿ ದೂರಕ್ಕೆ ಸಾಗಿಸುವ ಖರ್ಚು ಉಳಿಸೋಕೆ ಹೋಗಿ ಒಂದು ಸಲ ತೋಡಿ ಮುಚ್ಚಿದರು, ಇನ್ನೊಂದು ಸಲ ಅಗೆದು ಬೇಯಿಸಿದರು. ಎರಡು ಸಲ ಖರ್ಚು. ಮಧ್ಯದ ಬಡ್ಡಿ ಕಟ್ಟಿದವರು ಊರಿನವರು: ಬಾವಿ ನೀರು ಕುಡಿಯುವಾಗೆಲ್ಲ ಅನುಮಾನ.

ಅದಕ್ಕೇ ನಮ್ಮ ಹೋಬಳಿಗೋ ಪಕ್ಕದ ತಾಲ್ಲೂಕಿಗೋ ಇಂಥದ್ದು ಬರುತ್ತೆ ಅಂತ ಒಂದು ದಿನ ಕೇಳಿದರೆ, ನಾನು ಕೇಳಬೇಕು ಅಂದುಕೊಂಡಿರೋ ಪ್ರಶ್ನೆಗಳು ನಾಲ್ಕು.

ಮಳೆಗಾಲದಲ್ಲಿ ಆ ಜಾಗದ ಅಂತರ್ಜಲ ಎಷ್ಟು ಅಡಿಗೆ ಬರುತ್ತೆ? ಬೇಸಿಗೆಯಲ್ಲಿ ಅಳೆದ ಲೆಕ್ಕ ತೋರಿಸಿದರೆ ಒಪ್ಪಬಾರದು. ನಮ್ಮ ಸೀಮೆಯ ಬಾವಿಗಳಲ್ಲಿ ಏಪ್ರಿಲ್‌ಗೂ ಅಕ್ಟೋಬರ್‌ಗೂ ಎಷ್ಟು ವ್ಯತ್ಯಾಸ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತುಂಬುವ ಕಾಲ ಯಾವುದು? ಮಳೆ ಬಿದ್ದರೆ ಬಾಯಿ ಮುಚ್ಚೋಕೆ ಏನು ಏರ್ಪಾಡು?

ನಿಯಮದಿಂದ ವಿನಾಯಿತಿ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಯಾವ ನಿಯಮದಿಂದ, ಯಾರ ಸಹಿ? ನಿಯಮ ಪುಸ್ತಕದಲ್ಲಿ ಚೆನ್ನಾಗಿಯೇ ಇರುತ್ತೆ. ಆಫ್ಟನ್‌ನಲ್ಲಿ ಊರು ಕೆಟ್ಟದ್ದು ನಿಯಮದಿಂದ ಅಲ್ಲ, ವಿನಾಯಿತಿಯಿಂದ.

ಕೊನೆಯದು, ಮೂವತ್ತು ವರ್ಷ ಆದ ಮೇಲೆ ಯಾರು ನೋಡ್ಕೋತಾರೆ? ಉತ್ತರ ಬಾಯಿ ಮಾತಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು. ವಾರೆನ್ ಕೌಂಟಿಯವರ ಕೈಯಲ್ಲಿ ಗವರ್ನರ್ ಬರೆದ ಆ ಮಾತು ಇಲ್ಲದಿದ್ದರೆ 1993ರಲ್ಲಿ ಅವರು ಏನು ಹಿಡಿದುಕೊಂಡು ಕೇಳ್ತಿದ್ದರು?

ಇನ್ನು ನಮ್ಮ ದೇಶದ ಮಾತು. ಹೆದರಬೇಡಿ, ಈಗ ನಮ್ಮ ಟಿಸಿಗಳಲ್ಲಿ ಸಾಮಾನ್ಯವಾಗಿ ತುಂಬೋದು ಮಿನರಲ್ ಆಯಿಲ್, ಪಿಸಿಬಿ ಅಲ್ಲ. ಆದರೆ ಹಳೇ ಕಾಲದ ಉಪಕರಣಗಳಲ್ಲಿ ಪಿಸಿಬಿ ಇತ್ತು. ಹಳೇ ಎಣ್ಣೆಗೆ ಹೊಸ ಎಣ್ಣೆ ಬೆರೆಸುವಾಗ ಅದು ಬೇರೆ ಟ್ರಾನ್ಸ್‌ಫಾರ್ಮರಿಗೂ ದಾಟಬಹುದು. ಭಾರತ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿ ಪಿಸಿಬಿ ತಯಾರಿಕೆ, ಆಮದು ನಿಷೇಧಿಸಿತು, ಬಳಕೆ ಪೂರ್ತಿ ನಿಲ್ಲೋಕೆ 2025ರ ಕೊನೆಯ ಗಡುವು ಹಾಕಿತು. ದೇಶದಲ್ಲಿ ಎಲ್ಲೆಲ್ಲಿ ಎಷ್ಟಿದೆ ಅಂತ ಲೆಕ್ಕ ತೆಗೆಯುವ, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ಯೋಜನೆಯಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕೂಡ ಸೇರಿಕೊಂಡಿತು. ಕಣ್ಣಿಗೆ ನೋಡಿ, ಮೂಗಿಗೆ ವಾಸನೆ ನೋಡಿ ಯಾವ ಎಣ್ಣೆಯಲ್ಲಿ ಏನಿದೆ ಅಂತ ಹೇಳೋಕೆ ಆಗಲ್ಲ. ಆದ್ದರಿಂದ ಟಿಸಿ ಆಯಿಲ್ ಯಾವುದೇ ಆಗಲಿ, ಮಂಡಿಗೆ ಹಚ್ಚೋದು, ಎತ್ತಿನ ಗಾಯಕ್ಕೆ ಸವರೋದು, ಒಲೆಗೆ ಸುರಿಯೋದು ಬೇಡ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಬಾಟ್ಲಿ ಬಿಸಾಡಿ, "ಹಂಗಾದ್ರೆ ಚೆಲ್ಲಿರೋ ಮಣ್ಣು ಏನ್ ಮಾಡ್ತೀಯೋ?" ಅಂತ ಕೇಳಿದರು. ಒಳ್ಳೇ ಪ್ರಶ್ನೆ. ಇಬ್ಬರೂ ಸೇರಿ ಎಣ್ಣೆ ಇಳಿದಷ್ಟು ಮಣ್ಣನ್ನು ಸಲಿಕೆಯಲ್ಲಿ ಕೆರೆದು ಎರಡು ಗೊಬ್ಬರದ ಚೀಲಕ್ಕೆ ತುಂಬಿದೆವು. ಆಮೇಲೆ ನಿಂತು ಯೋಚನೆ ಮಾಡಿದೆವು. ಹಳ್ಳಕ್ಕೆ ಹಾಕಿದರೆ ಕೆಳಗಿನವರ ಹೊಲಕ್ಕೆ ಹೋಗುತ್ತೆ. ತಿಪ್ಪೆಗೆ ಹಾಕಿದರೆ ನಮ್ಮ ಹೊಲಕ್ಕೇ ಬರುತ್ತೆ. ಗುಂಡಿ ತೋಡಿ ಮುಚ್ಚಿದರೆ ಬೋರ್‌ವೆಲ್ ನೂರಡಿ ದೂರದಲ್ಲಿದೆ. ಎರಡು ಚೀಲ ಮಣ್ಣಿಗೇ ಜಾಗ ಇಲ್ಲ ನೋಡಿ. ಕೊನೆಗೆ ಚೀಲಗಳ ಬಾಯಿ ಕಟ್ಟಿ, ಕೆಳಗೆ ಹಳೇ ಟಾರ್ಪಾಲ್ ಹಾಸಿ, ಪಂಪ್‌ಹೌಸಿನೊಳಗೆ ಮಳೆ ತಾಗದ ಮೂಲೆಯಲ್ಲಿ ಇಟ್ಟಿದ್ದೀವಿ. ಟಿಸಿ ನಿಮ್ಮದು, ಆಯಿಲ್ ನಿಮ್ಮದು, ಇದನ್ನೂ ತಗೊಂಡು ಹೋಗಿ ಅಂತ ಲೈನ್‌ಮನ್‌ಗೆ ಹೇಳಿದೆ. ನಕ್ಕು ಹೋದರು. ಸೋಮವಾರ ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಬರೆದು ಕೊಟ್ಟು, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡು ಬರ್ತೀನಿ. ಬರವಣಿಗೆಯಲ್ಲಿ ಇರಲಿ.